ಎಕ್ಸ್‌ರೇ ವ್ಯಾನಿನ ಬಿಪಿ

ಈಗ ವರ್ಕ್‌ಶಾಪಿಗೆ ಸೇರುವ ಮಕ್ಕಳು ಗಾಡಿ ಒಳಗೆ ಬಂದ ಕೂಡಲೇ ಡ್ಯಾಶ್‌ಬೋರ್ಡಿನ ಕೆಳಗೆ ಒಂದು ವೈರು ಚುಚ್ಚುತ್ತಾರೆ. ಪರದೆಯ ಮೇಲೆ ರೋಗದ ಹೆಸರು ಮೂಡುತ್ತದೆ. ನಾನು ಅದರ ಬಗ್ಗೆ ಹಗುರವಾಗಿ ಮಾತಾಡುವವನಲ್ಲ. ನನ್ನ ಕಾಲದಲ್ಲಿ ಅಂಥದ್ದೊಂದು ಸಿಕ್ಕಿದ್ದರೆ ನನ್ನ ಸೊಂಟ ಈಗ ಇಷ್ಟು ನೋಯುತ್ತಿರಲಿಲ್ಲ. ನಮ್ಮ ಬಿಲ್ಡಿಂಗಿನ ಹುಡುಗಿಯೊಬ್ಬಳು ಆಟೊಮೊಬೈಲ್ ಕೋರ್ಸಿಗೆ ಸೇರಿದ್ದಾಳೆ. ಮೊನ್ನೆ ಲಿಫ್ಟಿನಲ್ಲಿ ಸಿಕ್ಕಿ ತನ್ನ ಅರ್ಧಂಬರ್ಧ ಕನ್ನಡದಲ್ಲಿ ಕೇಳಿದಳು: "ಅಂಕಲ್, ಸ್ಕ್ಯಾನರ್ ಇರ್ಲಿಲ್ಲ ತೊ ನೀವು ಪ್ರಾಬ್ಲಂ ಹೇಗೆ ಹುಡುಕೋದು? ಸಿರ್ಫ್ ಗೆಸ್ ಮಾಡೋದಾ?"

ಸ್ವಲ್ಪ ಗೆಸ್ ಇತ್ತು ಎಂದೆ. ಲಿಫ್ಟು ಅಷ್ಟರಲ್ಲಿ ನಿಂತಿತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ತಿಪಟೂರಿನ ಕಡೆಯವನು. ಡಿಪ್ಲೊಮಾ ಮುಗಿಸಿ ಎಂಬತ್ತರ ದಶಕದ ಮೊದಲಲ್ಲಿ ಚೆಂಬೂರಿನ ಸೋದರಮಾವನ ಮನೆಗೆ ಬಂದೆ. ಮಾವ ರಿಫೈನರಿಯಲ್ಲಿ ಕೆಲಸಕ್ಕಿದ್ದರು. ಅವರ ಪರಿಚಯದಿಂದ ಅಲ್ಲೇ ಹತ್ತಿರದ ಡೀಸೆಲ್ ವರ್ಕ್‌ಶಾಪೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಶಾಲೆಯ ಬಸ್ಸುಗಳು, ಕಾರ್ಖಾನೆಯ ಸ್ಟಾಫ್ ಬಸ್ಸುಗಳು, ನೀರಿನ ಟ್ಯಾಂಕರುಗಳು, ಟೆಂಪೊಗಳು ಅಲ್ಲಿಗೆ ಬರುತ್ತಿದ್ದವು. ನನ್ನ ಮೇಲಿನವರು ಫೋರ್ಮನ್ ತಾವ್ಡೆ. ಸಾತಾರದ ಕಡೆಯವರು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬರುತ್ತಿದ್ದರು. ಸಂಜೆ ಮನೆಗೆ ಹೊರಡುವಾಗಲೂ ಅದರ ಮೇಲೆ ಎಣ್ಣೆಯ ಒಂದು ಚುಕ್ಕೆ ಇರುತ್ತಿರಲಿಲ್ಲ. ಅದು ಹೇಗೆ ಸಾಧ್ಯ ಎಂಬುದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಅವರ ಕೈಯಲ್ಲಿ ನಾನು ಕಲಿತ ಮೊದಲ ಪಾಠ ವಿಲೆ ಪಾರ್ಲೆಯ ಒಂದು ಶಾಲಾ ಬಸ್ಸಿನದು. ಬಸ್ಸು ಸ್ಟಾರ್ಟ್ ಆಗುತ್ತಿತ್ತು, ಓಡುತ್ತಿರಲಿಲ್ಲ. ಆಕ್ಸಿಲರೇಟರ್ ಒತ್ತಿದರೆ ಕಪ್ಪು ಹೊಗೆ ಕಾರಿ ಗೊಣಗುತ್ತಿತ್ತು. ಕಾಲೇಜಿನಲ್ಲಿ ಓದಿದ್ದನ್ನು ನೆನಪಿಸಿಕೊಂಡು ನಾನು ಡೀಸೆಲ್ ಬರುವ ದಾರಿಯನ್ನೆಲ್ಲ ಬಿಚ್ಚಿ ಹರಡಿದೆ. ಫಿಲ್ಟರ್ ಬದಲಿಸಿದೆ. ಪೈಪುಗಳಲ್ಲಿ ಸೇರಿದ್ದ ಗಾಳಿ ತೆಗೆದೆ. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್‌ಗಳನ್ನು ಪರೀಕ್ಷೆಗೆ ಕಳಿಸಿದೆ. ಎಲ್ಲ ಮಾಡಿ ಮತ್ತೆ ಜೋಡಿಸಿದರೆ ಬಸ್ಸು ಮೊದಲಿನಷ್ಟೇ ಗೊಣಗಿತು. ತಾವ್ಡೆ ಬಂದರು. ಎಂಜಿನ್ನಿನ ಕಡೆ ನೋಡಲೇ ಇಲ್ಲ. ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂತು ಹೊಗೆ ಪೈಪಿನ ಬಾಯಿಗೆ ಅಂಗೈ ಅಡ್ಡ ಹಿಡಿದರು. ಆಮೇಲೆ ನನ್ನ ಕೈಯನ್ನೂ ಅಲ್ಲಿಗೆ ಹಿಡಿಸಿ, ಪಕ್ಕದ ಇನ್ನೊಂದು ಬಸ್ಸಿನ ಪೈಪಿಗೂ ಹಿಡಿಸಿದರು. ಆ ಬಸ್ಸು ಕೈಯನ್ನು ದೂಡುತ್ತಿತ್ತು. ನಮ್ಮದು ಮಗು ಊದಿದ ಹಾಗೆ ಊದುತ್ತಿತ್ತು.

"ಖಾನಾ ದಿಯಾ, ಪಾನೀ ದಿಯಾ. ಸಾಂಸ್ ಛೋಡ್‌ನೇ ದಿಯಾ ಕ್ಯಾ?" ಎಂದರು. ತಿನ್ನಲು ಕೊಟ್ಟೆ, ಕುಡಿಯಲು ಕೊಟ್ಟೆ, ಉಸಿರು ಬಿಡಲು ಬಿಟ್ಟೆಯಾ ಎಂದು.

ಸೈಲೆನ್ಸರ್ ಕೊಯ್ದು ನೋಡಿದಾಗ ಒಳಗಿನ ತಗಡೊಂದು ಕಳಚಿ ಪೈಪಿಗೆ ಮುಚ್ಚಳದ ಹಾಗೆ ಕೂತಿತ್ತು. ಎಂಜಿನ್ನು ಒಳಗೆ ಎಳೆದುಕೊಂಡ ಗಾಳಿಯನ್ನೆಲ್ಲ ಉರಿಸಿ ಹೊರಗೆ ದಬ್ಬಲೇಬೇಕು. ಹೊರದಾರಿ ಕಟ್ಟಿದರೆ ಹಳೆಯ ಹೊಗೆ ಒಳಗೇ ಉಳಿದು ಹೊಸ ಗಾಳಿಗೆ ಜಾಗ ಇರುವುದಿಲ್ಲ. ಇಷ್ಟೇ ಸಂಗತಿ. ಅವತ್ತಿನಿಂದ ಯಾವ ಗಾಡಿ ಬಂದರೂ ನಾನು ಮೊದಲು ಹಿಂದಕ್ಕೆ ಹೋಗಿ ಕೈ ಹಿಡಿಯುತ್ತಿದ್ದೆ. ಅಂಗೈಯೊಂದಿದ್ದರೆ ಸಾಕು ಎಂದು ಎಷ್ಟೋ ವರ್ಷ ನಂಬಿದ್ದೆ.

ಅಂಗೈ ಸಾಲದು ಎಂದು ಕಲಿಸಿದ್ದು ಎಕ್ಸ್‌ರೇ ವ್ಯಾನು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಚೆಂಬೂರಿನ ಒಂದು ಧರ್ಮಾರ್ಥ ಟ್ರಸ್ಟಿಗೆ ಯುರೋಪಿನ ದಾನಿಗಳು ಹಡಗಿನಲ್ಲಿ ಒಂದು ಡೀಸೆಲ್ ವ್ಯಾನು ಕಳಿಸಿದ್ದರು. ಹಿಂದಿನ ಅರ್ಧ ಭಾಗದಲ್ಲಿ ಎಕ್ಸ್‌ರೇ ಯಂತ್ರ, ಅದಕ್ಕೆ ಬೇಕಾದ ಕರೆಂಟು ಹುಟ್ಟಿಸಲು ವ್ಯಾನಿನ ಎಂಜಿನ್ನಿಗೇ ಜೋಡಿಸಿದ ಜನರೇಟರು. ಗೋವಂಡಿ, ಮಾನಖುರ್ದ್ ಕಡೆಯ ಝೋಪಡಿಗಳಿಗೆ ಹೋಗಿ ಕ್ಷಯ ಇರುವವರನ್ನು ಹುಡುಕುವುದು ಅದರ ಕೆಲಸ. ಅದರ ಡಾಕ್ಟರು ಸರೋಜಿನಿ ದೇಸಾಯಿ, ಧಾರವಾಡದವರು. ಗಟ್ಟಿ ದನಿ. ಮರಾಠಿ, ಹಿಂದಿ ಯಾವುದನ್ನೇ ಆಡಿದರೂ ಅದು ಧಾರವಾಡದ ಕನ್ನಡದಂತೆಯೇ ಕೇಳುತ್ತಿತ್ತು. ಡ್ರೈವರ್ ವಿಶ್ವನಾಥ ಪೂಜಾರಿ, ಕಾರ್ಕಳದ ಕಡೆಯವರು. ಮೊದಲು ಬಾಂದ್ರಾದ ಒಂದು ಹೋಟೆಲಿನ ಸಾಮಾನು ವ್ಯಾನು ಓಡಿಸುತ್ತಿದ್ದವರು. ಗಾಡಿಯನ್ನು ಮನೆಯ ಹಸುವಿನ ಹಾಗೆ ತೊಳೆದು ಒರೆಸಿ ಇಟ್ಟುಕೊಂಡಿದ್ದರು.

ಒಂದು ವರ್ಷ ವ್ಯಾನು ಚೆನ್ನಾಗಿಯೇ ಓಡಿತು. ಆಮೇಲೆ ಅದಕ್ಕೆ ಶಕ್ತಿ ಕುಂದತೊಡಗಿತು. ಸಮತಟ್ಟು ರಸ್ತೆಯಲ್ಲಿ ಹೇಗೋ ಹೋಗುತ್ತಿತ್ತು. ರೈಲು ಹಳಿಯ ಮೇಲಿನ ಸೇತುವೆಯ ಏರು ಬಂದರೆ ಯಾರೋ ಹಿಂದಿನಿಂದ ಹಗ್ಗ ಹಾಕಿ ಜಗ್ಗಿದ ಹಾಗೆ ನಿಂತುಬಿಡುತ್ತಿತ್ತು. ಒಂದು ಬೆಳಿಗ್ಗೆ ಸೇತುವೆಯ ಮಧ್ಯೆ ನಿಂತು, ಹಿಂದೆ ಬಂದ ಬೆಸ್ಟ್‌ನ ಸಿಟಿ ಬಸ್ಸುಗಳ ಸಾಲು ಹಾರ್ನು ಬಾರಿಸಿ, ಜನ ಇಳಿದು ತಳ್ಳಿದರು. ಮಾನಖುರ್ದಿನಲ್ಲಿ ಕೂಲಿ ಬಿಟ್ಟು ಬಂದು ಕಾದಿದ್ದವರು ಮಧ್ಯಾಹ್ನದವರೆಗೆ ಕಾದು ಹೋದರಂತೆ. ಅವರಲ್ಲಿ ಎಷ್ಟು ಜನ ಮತ್ತೆ ಬಂದಾರು ಎಂದು ಡಾಕ್ಟರು ನನ್ನನ್ನು ಕೇಳಿದರು.

ಇದರ ಜೊತೆಗೆ ಇನ್ನೊಂದು ತೊಡಕು. ವ್ಯಾನು ಮೊದಲಿಗಿಂತ ತುಂಬಾ ಹೆಚ್ಚು ಡೀಸೆಲ್ ಕುಡಿಯುತ್ತಿತ್ತು. ಟ್ರಸ್ಟಿನ ಕಾರ್ಯದರ್ಶಿ ಸಾಠೆ ಎಂಬವರು ಬ್ಯಾಂಕಿನಿಂದ ನಿವೃತ್ತರಾದವರು, ಶಿಸ್ತಿನ ಮನುಷ್ಯ. ಒಂದು ದಿನ ವರ್ಕ್‌ಶಾಪಿಗೆ ಬಂದು ನನ್ನನ್ನು ಬದಿಗೆ ಕರೆದರು.

"ಮೂರ್ತಿ ಸಾಹೇಬ್, ನನಗೆ ಎಂಜಿನ್ ಗೊತ್ತಿಲ್ಲ. ನೀವು ಇಷ್ಟು ಹೇಳಿ ಸಾಕು. ಎಂಜಿನ್ನಿನಲ್ಲಿ ದೋಷ ಇದೆಯೋ ಇಲ್ಲವೋ? ಇಲ್ಲ ಅಂದರೆ ಡೀಸೆಲ್ ಎಲ್ಲಿ ಹೋಯಿತು ಅಂತ ನಾನು ಪೂಜಾರಿಯನ್ನು ಕೇಳಬೇಕಾಗುತ್ತದೆ. ಕಮಿಟಿ ನನ್ನನ್ನು ಕೇಳುತ್ತಿದೆ. ಗಾಡಿ ಮಾರಿಬಿಡೋಣ ಅನ್ನುವವರೂ ಇದ್ದಾರೆ" ಎಂದು ಹಿಂದಿಯಲ್ಲಿ ಹೇಳಿದರು.

ದೋಷ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಇದೆ ಎನ್ನಲು ತೋರಿಸುವಂಥದ್ದೇನೂ ಕೈಯಲ್ಲಿರಲಿಲ್ಲ. ಇನ್ನೂ ಹುಡುಕುತ್ತಿದ್ದೇವೆ ಎಂದೆ. ನಾಲ್ಕು ಹೆಜ್ಜೆ ದೂರದಲ್ಲಿ ಪೂಜಾರಿ ವ್ಯಾನಿನ ಗಾಜು ಒರೆಸುತ್ತಿದ್ದರು. ಅವರ ಕೈ ನಿಂತಿತ್ತು.

ನಾವು ಸುಮ್ಮನೆ ಕೂತಿರಲಿಲ್ಲ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಹೊಸದು ಹಾಕಿದ್ದೆವು. ಪಂಪಿನ ಟೈಮಿಂಗ್ ನೋಡಿದ್ದೆವು. ನಾಜಲ್‌ಗಳಲ್ಲಿ ಒಂದು ಸೋರುತ್ತಿತ್ತು, ಅದನ್ನು ಸರಿಮಾಡಿಸಿದ್ದೆವು. ಬ್ರೇಕು ಚಕ್ರವನ್ನು ಹಿಡಿದುಕೊಂಡಿದೆಯೇ ಎಂದು ಜ್ಯಾಕ್ ಕೊಟ್ಟು ತಿರುಗಿಸಿದ್ದೆವು. ಅಂಗೈ ಪರೀಕ್ಷೆಯಂತೂ ಮೊದಲ ದಿನವೇ ಆಗಿತ್ತು. ನಿಂತ ಗಾಡಿಯಲ್ಲಿ ಹೊಗೆ ಕೈಯನ್ನು ಸರಿಯಾಗಿಯೇ ದೂಡುತ್ತಿತ್ತು. ಗಾಡಿಯ ಕೆಳಗೆ ಹೊಗೆಯ ದಾರಿಯಲ್ಲಿ ಒಂದಲ್ಲ, ಎರಡು ಡಬ್ಬಗಳಿದ್ದವು. ಮುಂದಿನದು ಗಿಡ್ಡ, ಹಿಂದಿನದು ಉದ್ದ. ವಿದೇಶಿ ಗಾಡಿ, ಸದ್ದು ಕಡಿಮೆ ಇರಲೆಂದು ಎರಡು ಸೈಲೆನ್ಸರ್ ಹಾಕಿದ್ದಾರೆ ಎಂದುಕೊಂಡೆವು. ತಾವ್ಡೆ ಎರಡನ್ನೂ ಮರದ ಸುತ್ತಿಗೆಯಲ್ಲಿ ತಟ್ಟಿ ಕಿವಿಗೊಟ್ಟರು. ಒಳಗೆ ಏನೂ ಅಲ್ಲಾಡುತ್ತಿರಲಿಲ್ಲ. ಪಾರ್ಲೆಯ ಬಸ್ಸಿನ ರೋಗ ಇದಲ್ಲ ಎಂದು ನಾವಿಬ್ಬರೂ ಆ ಕಡೆಯನ್ನು ಬಿಟ್ಟೆವು.

ಸಾಠೆ ಬಂದು ಹೋದ ಮರುದಿನ ಊಟದ ಹೊತ್ತಿನಲ್ಲಿ ಪೂಜಾರಿ ಒಂದು ಹಳೆಯ ಟಯರಿನ ಮೇಲೆ ಕೂತಿದ್ದರು. ಡಬ್ಬಿ ತೆರೆದಿರಲಿಲ್ಲ. ಊಟ ಮಾಡಿ ಎಂದೆ.

"ಎಂತ ಊಟ ಮಾರಾಯ್ರೆ. ಆ ಗಾಡಿಯಲ್ಲಿ ಡಬ್ಬಿ ಇಡ್ಲಿಕ್ಕೂ ಜಾಗ ಇಲ್ಲ ಈಗ. ಮೊದಲೆಲ್ಲ ಪಕ್ಕದ ಸೀಟಿನ ಕೆಳಗೆ ಇಡ್ತಿದ್ದೆ. ಈಗ ಅಲ್ಲಿ ಇಟ್ಟರೆ ಮಧ್ಯಾಹ್ನಕ್ಕೆ ಸಾರು ಹಳಸಿ ಹೋಗಿರ್ತದೆ. ಕೆಳಗೆ ಯಾರೋ ಒಲೆ ಹಚ್ಚಿ ಇಟ್ಟ ಹಾಗೆ ಬಿಸಿ."

"ಯಾವಾಗಿನಿಂದ?"

"ಮಳೆಗಾಲ ಮುಗಿದ ಮೇಲೆ. ಗಾಡಿ ಎಳೆಯದೆ ಇರ್ಲಿಕ್ಕೆ ಶುರು ಆದದ್ದೂ ಆಗಲೇ. ನಾನು ಹೇಳಿದ್ರೆ ಯಾರು ಕೇಳ್ತಾರೆ? ಎಲ್ಲರಿಗೂ ಡೀಸೆಲ್ ಎಲ್ಲಿ ಹೋಯ್ತು ಅಂತ ಮಾತ್ರ ಬೇಕು."

ನನ್ನ ಕೈಯಲ್ಲಿದ್ದ ಚಪಾತಿ ಅಲ್ಲೇ ಉಳಿಯಿತು. ವ್ಯಾನಿನ ಕೆಳಗೆ ಮಲಗಿ ಟಾರ್ಚು ಬಿಟ್ಟೆ. ಪಕ್ಕದ ಸೀಟಿನ ನೇರ ಕೆಳಗೆ ಆ ಗಿಡ್ಡ ಡಬ್ಬ. ಅದರ ಮುಂದಿನ ಪೈಪು ಕಾಸಿದ ಕಬ್ಬಿಣದ ಹಾಗೆ ನೀಲಿಗಟ್ಟಿತ್ತು. ಹಿಂದಿನ ಪೈಪು ಮಾಮೂಲಿ ತುಕ್ಕಿನ ಬಣ್ಣದ್ದು. ಬಿಸಿ ಹೊಗೆ ಡಬ್ಬದ ಮುಂದೆಯೇ ಸಿಕ್ಕಿಕೊಂಡು ಕುದಿಯುತ್ತಿತ್ತು.

ತಾವ್ಡೆಯವರನ್ನು ಕರೆದು ತೋರಿಸಿದೆ. ಬಿಳಿ ಅಂಗಿಯಲ್ಲೇ ಅವರೂ ಕೆಳಗೆ ಮಲಗಿದರು. "ಹೋ ಸಕ್ತಾ ಹೈ," ಇರಬಹುದು, ಎಂದರು. "ಆದರೆ ಕೈಗೆ ಗೊತ್ತಾಗಲಿಲ್ಲವಲ್ಲ?" ಎಂದು ಹಿಂದಿಯಲ್ಲೇ ಕೇಳಿದರು.

ನಿಂತ ಗಾಡಿಯಲ್ಲಿ ಹೊಗೆ ಕಡಿಮೆ, ಸಣ್ಣ ಸಂದಿಯಲ್ಲೂ ನುಸುಳಿ ಹೋಗುತ್ತದೆ. ಏರಿನಲ್ಲಿ ಎಂಜಿನ್ನು ಪೂರ್ತಿ ಉಸಿರು ಬಿಡಬೇಕಾದಾಗ ಸಿಕ್ಕಿಕೊಳ್ಳುತ್ತದೆ. ಏರು ಹತ್ತುವಾಗ ಪೈಪಿಗೆ ಕೈ ಹಿಡಿಯುವುದು ಹೇಗೆ? ಡಬ್ಬದ ಮುಂದೆ ಎಷ್ಟು ಒತ್ತಡವಿದೆ ಎಂದು ಓಡುವ ಗಾಡಿಯಲ್ಲಿ ಅಳೆಯಬೇಕಿತ್ತು. ನಮ್ಮಲ್ಲಿದ್ದ ಮೀಟರುಗಳು ಟಯರಿನ ಗಾಳಿಗೆ, ಎಂಜಿನ್ನಿನ ಎಣ್ಣೆಗೆ ಮಾಡಿದವು. ಇಷ್ಟು ಸಣ್ಣ ಒತ್ತಡಕ್ಕೆ ಅವುಗಳ ಮುಳ್ಳು ಮಿಸುಕುವುದಿಲ್ಲ.

ಅದೇ ಸಂಜೆ ಡಾಕ್ಟರು ಬಂದರು. ವ್ಯಾನಿನೊಳಗಿನ ತಮ್ಮ ಸಾಮಾನನ್ನು ತೆಗೆದುಕೊಂಡು ಹೋಗಲು ಬಂದದ್ದು. ಗಾಡಿ ಸದ್ಯಕ್ಕೆ ಸಿಗುವುದಿಲ್ಲವೆಂದು ಅವರು ಆಸೆ ಬಿಟ್ಟಿದ್ದರು. ಒಂದೊಂದೇ ಡಬ್ಬ ಇಳಿಸುವಾಗ ಬಿಪಿ ನೋಡುವ ಯಂತ್ರ ಹೊರಗೆ ಬಂತು. ಆಗಿನದು ಪಾದರಸದ್ದು, ಉದ್ದ ಗಾಜಿನ ಕೊಳವೆಯದು. ನಾನು ಅದನ್ನೇ ನೋಡುತ್ತ ನಿಂತೆ.

"ಮೇಡಂ, ಅದನ್ನ ಒಂದು ದಿನ ನಮಗೆ ಕೊಡ್ತೀರಾ?"

"ಯಾಕ್ರೀ, ನಿಮಗ ಬಿಪಿ ಅದ ಏನು?"

"ನನಗಲ್ಲ. ಗಾಡಿಗೆ."

ಅವರು ಮೊದಲು ನನ್ನ ಮುಖ ನೋಡಿದರು. ಆಮೇಲೆ ವರ್ಕ್‌ಶಾಪೆಲ್ಲ ತಿರುಗಿ ನೋಡುವಂತೆ ನಕ್ಕರು. "ಹಚ್ಚರಿ, ಹಚ್ಚರಿ. ಆದ್ರ ನಾನೂ ಬರತೀನಿ. ನನ್ನ ಮಶೀನು ನಾನs ಓದತೀನಿ. ಪಾರಾ ಚೆಲ್ಲಿದ್ರಿ ಅಂದ್ರ ಹೊಸಾದು ತರಸತೀನಿ ನೋಡ್ರಿ."

ಮರುದಿನ ಗಿಡ್ಡ ಡಬ್ಬದ ಮುಂದಿನ ಪೈಪಿಗೆ ಒಂದು ಸಣ್ಣ ತೂತು ಕೊರೆದು ನಟ್ಟು ಬೆಸೆದೆವು. ಬಿಸಿ ಹೊಗೆ ರಬ್ಬರನ್ನು ಕರಗಿಸಬಾರದೆಂದು ತಾಮ್ರದ ಕೊಳವೆಯನ್ನು ಸುರುಳಿ ಸುತ್ತಿ ಜೋಡಿಸಿ, ಅದರ ತುದಿಗೆ ಬಿಪಿ ಯಂತ್ರದ ರಬ್ಬರು ನಳಿಗೆ ಸಿಕ್ಕಿಸಿದೆವು. ಮೊದಲು ಇದೇ ಏರ್ಪಾಟನ್ನು ವರ್ಕ್‌ಶಾಪಿನದೇ ಒಂದು ಒಳ್ಳೆಯ ಟೆಂಪೊಗೆ ಹಾಕಿ ಸೇತುವೆ ಹತ್ತಿಸಿದೆವು. ಪಾದರಸ ಸ್ವಲ್ಪ ಎದ್ದು ಕೂತಿತು, ಅಷ್ಟೇ. ಆರೋಗ್ಯವಂತ ಗಾಡಿ ಹೇಗಿರುತ್ತದೆ ಎಂದು ಮೊದಲು ನೋಡದೆ ರೋಗದ ಗಾಡಿಯನ್ನು ಅಳೆಯಬಾರದು. ಇದನ್ನು ಹುಡುಗರಿಗೆ ಎಷ್ಟು ಸಲ ಹೇಳಿದರೂ ಕಡಿಮೆಯೇ.

ಆಮೇಲೆ ವ್ಯಾನು. ಪೂಜಾರಿ ಸ್ಟಿಯರಿಂಗಿನಲ್ಲಿ. ಪಕ್ಕದಲ್ಲಿ ಡಾಕ್ಟರು, ತೊಡೆಯ ಮೇಲೆ ಯಂತ್ರ. ಹಿಂದೆ ನಾನು ಮತ್ತು ತಾವ್ಡೆ. ಸಮ ರಸ್ತೆಯಲ್ಲಿ ಪಾದರಸ ಕೆಳಗೇ ಇತ್ತು. ಸೇತುವೆಯ ಬುಡಕ್ಕೆ ಬಂದು ಪೂಜಾರಿ ಆಕ್ಸಿಲರೇಟರ್ ಒತ್ತಿದರು. ಪಾದರಸ ಏರಿತು, ಇನ್ನೂ ಏರಿತು. ಮನುಷ್ಯನಿಗಾದರೆ ಆಸ್ಪತ್ರೆಗೆ ಸೇರಿಸುವ ಗೆರೆ ದಾಟಿ ಕೊಳವೆಯ ನೆತ್ತಿಯ ಹತ್ತಿರ ಹೋಯಿತು. ವ್ಯಾನು ನರಳುತ್ತ ನಿಂತಿತು.

"ಅಯ್ಯ ಶಿವನs!" ಎಂದರು ಡಾಕ್ಟರು. "ಮನಶ್ಯಾ ಆಗಿದ್ರ ಇಷ್ಟೊತ್ತಿಗೆ ಲಕ್ವಾ ಹೊಡೀತಿತ್ತು."

ಸೇತುವೆಯಿಂದ ಹಿಂದಕ್ಕೆ ಇಳಿಸಿ, ರಸ್ತೆಯ ಬದಿಯಲ್ಲಿ ಆರಲು ಬಿಟ್ಟು, ಡಬ್ಬದ ಮುಂದಿನ ಜೋಡಣೆಯ ಬೋಲ್ಟುಗಳನ್ನು ಸಡಿಲಿಸಿ ಪೈಪನ್ನು ಡಬ್ಬದಿಂದ ಬಿಡಿಸಿದೆ. ಈಗ ಹೊಗೆ ಡಬ್ಬದೊಳಗೆ ಹೋಗದೆ ನೇರ ಹೊರಬೀಳುತ್ತಿತ್ತು. ಮತ್ತೆ ಸ್ಟಾರ್ಟ್ ಮಾಡಿದಾಗ ಆದ ಸದ್ದಿಗೆ ಎದುರಿನ ಪಾನಿನ ಅಂಗಡಿಯವನು ಕಿವಿ ಮುಚ್ಚಿಕೊಂಡ. ವ್ಯಾನು ಲಾರಿಯ ಹಾಗೆ ಗರ್ಜಿಸುತ್ತ ಸೇತುವೆಗೆ ನುಗ್ಗಿತು. ಪೂಜಾರಿ ಗೇರು ಇಳಿಸಲಿಲ್ಲ. ಅರ್ಧ ಸೇತುವೆಯಲ್ಲಿ ಇನ್ನೊಂದು ಗೇರು ಏರಿಸಿದರು. ಒಂದು ಟ್ಯಾಕ್ಸಿಯನ್ನು ಹಿಂದೆ ಹಾಕಿದೆವು. ಟ್ಯಾಕ್ಸಿಯವನು ತಲೆ ಹೊರಗೆ ಹಾಕಿ ಏನೋ ಬೈದ, ಸದ್ದಿನಲ್ಲಿ ಕೇಳಿಸಲಿಲ್ಲ. ಪಾದರಸ ಬುಡದಲ್ಲಿ ಮಲಗಿತ್ತು.

ಆ ಬದಿಗೆ ಇಳಿದು ಪೂಜಾರಿ ಗಾಡಿ ನಿಲ್ಲಿಸಿದರು. ಸ್ಟಿಯರಿಂಗಿನ ಮೇಲೆ ಹಣೆ ಇಟ್ಟರು.

"ನಾನು ಕದಿಯಲಿಲ್ಲ ಡಾಕ್ಟ್ರೆ," ಎಂದರು.

"ನನಗ ಗೊತ್ತಿತ್ತೋ ವಿಶ್ವನಾಥ," ಎಂದರು ಡಾಕ್ಟರು. ಅವರ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಮೊದಲ ಸಲ ಕೇಳಿದೆ. "ಗೊತ್ತಿದ್ರ ಸಾಲದಾಗಿತ್ತು. ತೋರಸಬೇಕಾಗಿತ್ತು."

ಡಬ್ಬ ಬಿಚ್ಚಿದೆವು. ಒಳಗೆ ತಗಡೂ ಇಲ್ಲ, ಜಾಲರಿಯೂ ಇಲ್ಲ. ಜೇನುಹುಟ್ಟಿನ ಹಾಗೆ ಸಾವಿರಾರು ಸಣ್ಣ ಚೌಕ ತೂತುಗಳಿದ್ದ, ಪಿಂಗಾಣಿಯಂಥ ಒಂದು ದಪ್ಪ ಗಟ್ಟಿ. ಮುಂದಿನ ಮುಖ ಪೂರ್ತಿ ಕಪ್ಪು ಹಕ್ಕಳೆಗಟ್ಟಿ, ಅಂಚಿನಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ತೂತು ಉಳಿದಿತ್ತು. ಇದು ಕೆಟಲಿಟಿಕ್ ಕನ್ವರ್ಟರ್ ಇರಬೇಕು ಎಂದು ನನಗೆ ಹೊಳೆಯಿತು. ವಿದೇಶದ ಪತ್ರಿಕೆಯೊಂದರಲ್ಲಿ ಚಿತ್ರ ನೋಡಿದ್ದೆ, ವಸ್ತು ನೋಡಿರಲಿಲ್ಲ. ಆ ತೂತುಗಳ ಗೋಡೆಗೆ ಪ್ಲಾಟಿನಂ ಜಾತಿಯ ಲೋಹದ ತೆಳುವಾದ ಲೇಪ ಇರುತ್ತದೆ. ಬಿಸಿ ಹೊಗೆ ಅದನ್ನು ಸವರಿಕೊಂಡು ಹೋಗುವಾಗ ಅದರ ವಿಷ, ಘಾಟು ಅಲ್ಲೇ ಉರಿದು ಕಡಿಮೆಯಾಗುತ್ತದೆ.

ತಾವ್ಡೆ ಆಗಲೇ ಕಬ್ಬಿಣದ ಸರಳು ಹಿಡಿದು ಬಂದಿದ್ದರು. "ಒಡೆದು ತೆಗೆದುಬಿಡೋಣ. ಖಾಲಿ ಡಬ್ಬ ಹಾಕೋಣ. ಇವತ್ತೇ ಗಾಡಿ ಹೋಗುತ್ತದೆ."

ಸುಲಭದ ದಾರಿ ಅದೇ ಆಗಿತ್ತು. ಆ ಭಾಗ ಹಾಳಾದರೆ ಇಡೀ ದೇಶದಲ್ಲಿ ಇನ್ನೊಂದು ಸಿಗುತ್ತಿರಲಿಲ್ಲ. ನನಗೂ ಸರಿ ಎನ್ನಿಸಿತು. ಡಾಕ್ಟರು ಮಾತ್ರ ಸರಳಿಗೆ ಅಡ್ಡ ಬಂದು, ಅದು ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳಿದರು. ಬಾಯಲ್ಲಿ ಹೇಳುವ ಬದಲು ಡಬ್ಬದ ಜಾಗಕ್ಕೆ ಬರೀ ಪೈಪು ಕಟ್ಟಿ ಎಂಜಿನ್ ಚಾಲೂ ಮಾಡಿದೆವು. ಅವರು ಹೋಗಿ ವ್ಯಾನಿನ ಹಿಂದಿನ ಮೆಟ್ಟಿಲ ಹತ್ತಿರ ನಿಂತರು. ಎಕ್ಸ್‌ರೇಗೆ ಬಂದವರು ಸಾಲು ನಿಲ್ಲುವ ಜಾಗ ಅದು. ಸ್ವಲ್ಪ ಹೊತ್ತಿಗೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಕಣ್ಣಲ್ಲಿ ನೀರು.

"ಇದು ಇದ್ರ ಈ ಘಾಟು ಕಡಿಮಿ ಆಗತದ?"

"ಘಾಟು, ಕಣ್ಣುರಿ ಕಡಿಮೆ ಆಗುತ್ತೆ ಅಂತ ಓದಿದ್ದೀನಿ ಮೇಡಂ. ಮಸಿ ಪೂರ್ತಿ ನಿಲ್ಲಲ್ಲ."

"ಅಷ್ಟಾದ್ರೂ ಆಗಲಿ. ನನ್ನ ಮಂದಿ ಮೊದಲs ಕೆಮ್ಮಿ ಕೆಮ್ಮಿ ಸಣ್ಣಾಗ್ಯಾರ. ಅವರ ಮಾರಿಗೆ ಇದನ್ನ ಬಿಡಬ್ಯಾಡ್ರಿ. ಎರಡು ಕ್ಯಾಂಪು ಹೋದ್ರ ಹೋಗಲಿ. ಇದನ್ನs ರಿಪೇರಿ ಮಾಡಿ ಕೊಡ್ರಿ."

ತಾವ್ಡೆಗೆ ಕನ್ನಡ ಬರುತ್ತಿರಲಿಲ್ಲ. ಅನುವಾದ ಬೇಕಾಗಲಿಲ್ಲ. ಸರಳನ್ನು ಗೋಡೆಗೆ ಒರಗಿಸಿಟ್ಟರು.

ಒಂದು ಮೂಲೆಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ ನೋಡಿದೆ. ಕಪ್ಪು ನೀರು ಇಳಿಯಿತು, ಹಕ್ಕಳೆ ಬಿಡಲಿಲ್ಲ. ಹಿಂದಿನಿಂದ ಮೆಲ್ಲಗೆ ಗಾಳಿ ಬಿಟ್ಟೆ. ಪುಡಿ ಹಾರಿತು, ಹಕ್ಕಳೆ ಅಲ್ಲೇ. ಬ್ರಷ್ಷು ಮುಟ್ಟಿಸಿದರೆ ಪಿಂಗಾಣಿಯೇ ಉದುರುವ ಹಾಗಿತ್ತು. ನಾನು ಕೈ ಕಟ್ಟಿ ಕೂತಾಗ ತಾವ್ಡೆ, "ಮಸಿ ತಾನೆ? ಸುಟ್ಟರಾಯಿತು" ಎಂದರು. ಕುರ್ಲಾದಲ್ಲಿ ಅವರ ಸ್ನೇಹಿತ ಸರ್ದಾರ್‌ಜಿಯೊಬ್ಬರ ಕಾರ್ಖಾನೆಯಿತ್ತು. ಗೇರಿನ ಹಲ್ಲುಗಳನ್ನು ಕಾಸಿ ಗಟ್ಟಿಮಾಡುವ ಕರೆಂಟಿನ ಕುಲುಮೆ ಅಲ್ಲಿತ್ತು. ಬಿಸಿಯನ್ನು ಬೇಕಾದಷ್ಟಕ್ಕೆ ಹಿಡಿದು ನಿಲ್ಲಿಸಬಹುದಾಗಿತ್ತು.

ಸರ್ದಾರ್‌ಜಿ ಆ ಜೇನುಹುಟ್ಟನ್ನು ತಿರುಗಿಸಿ ನೋಡಿ, "ಎಷ್ಟು ಬಿಸಿ ಕೊಡಲಿ?" ಎಂದರು. ನನಗೆ ಗೊತ್ತಿರಲಿಲ್ಲ, ಹಾಗೆಯೇ ಹೇಳಿದೆ. ಹೆಚ್ಚಾದರೆ ಲೇಪ ಹೋಗುತ್ತದೆ, ಕಡಿಮೆಯಾದರೆ ಮಸಿ ಉರಿಯುವುದಿಲ್ಲ, ಒಮ್ಮೆಗೇ ಕೊಟ್ಟರೆ ಸೀಳುತ್ತದೆ. ಅಂಚಿನಿಂದ ಆಗಲೇ ಉದುರಿದ್ದ ಒಂದು ಚೂರನ್ನು ಮೊದಲು ಕುಲುಮೆಗೆ ಹಾಕಿದೆವು. ಸಲ ಸಲಕ್ಕೂ ಬಿಸಿ ಸ್ವಲ್ಪ ಏರಿಸುತ್ತ, ತೆಗೆದು ನೋಡುತ್ತ ಹೋದೆವು. ಒಂದು ಹಂತದಲ್ಲಿ ಚೂರು ಬೆಳ್ಳಗಾಗಿ ಹೊರಬಂತು, ಸೀಳಿರಲಿಲ್ಲ. ಅದೇ ಬಿಸಿಯನ್ನು ಗುರುತು ಹಾಕಿಕೊಂಡು ಇಡೀ ಗಟ್ಟಿಯನ್ನು ಇಟ್ಟು ನಿಧಾನವಾಗಿ ಕಾಯಿಸಿದೆವು. ಉರಿದ ಮೇಲೆ ಕುಲುಮೆಯ ಬಾಗಿಲು ತೆಗೆಯಬಾರದು, ತಾನಾಗಿ ಆರಲಿ ಎಂದು ಸರ್ದಾರ್‌ಜಿ ಪಟ್ಟು ಹಿಡಿದರು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವಾಗ ಪೂಜಾರಿಯೂ ಬಂದಿದ್ದರು. ಗಟ್ಟಿ ಬೂದು ಬಣ್ಣಕ್ಕೆ ತಿರುಗಿತ್ತು. ಅದನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದೆ. ಸಾವಿರ ಸಣ್ಣ ಚೌಕಗಳಲ್ಲಿ ಸಾವಿರ ಚುಕ್ಕೆ ಬೆಳಕು. ಒಂದು ಕಡೆಯ ಅಂಚಿನಲ್ಲಿ ಒಂದಷ್ಟು ಮುಚ್ಚಿಯೇ ಉಳಿದಿದ್ದವು. ಅದು ಮಸಿಯಲ್ಲ, ಎಣ್ಣೆ ಸುಟ್ಟ ಬೂದಿ. ಅದಕ್ಕೆ ನಾನೇನೂ ಮಾಡಲಾರದೆ ಹೋದೆ.

"ಕಿಟಕಿ ತೆಗೆದ ಹಾಗೆ ಆಯ್ತಲ್ವಾ," ಎಂದರು ಪೂಜಾರಿ, ಒಂದು ಕಣ್ಣು ಮುಚ್ಚಿ ಅದರ ಮೂಲಕ ಕುರ್ಲಾದ ಬೀದಿ ನೋಡುತ್ತ.

ಕಟ್ಟಿದ್ದನ್ನು ಬಿಡಿಸಿದರೆ ಅರ್ಧ ಕೆಲಸ. ಯಾಕೆ ಕಟ್ಟಿತು ಎನ್ನುವುದು ಉಳಿದರ್ಧ. ಒಂದು ಕಾರಣ ಆ ಸೋರುವ ನಾಜಲ್, ಅದು ಆಗಲೇ ಸರಿಯಾಗಿತ್ತು. ಇನ್ನೊಂದು ದೊಡ್ಡದು. ಕ್ಯಾಂಪಿನಲ್ಲಿ ಎಕ್ಸ್‌ರೇ ಯಂತ್ರಕ್ಕೆ ಕರೆಂಟು ಬೇಕೆಂದು ಬೆಳಗಿನಿಂದ ಸಂಜೆಯವರೆಗೆ ಎಂಜಿನ್ನು ನಿಂತಲ್ಲೇ ಮೆಲ್ಲಗೆ ಓಡುತ್ತಿತ್ತು. ಹೊಗೆ ತಣ್ಣಗಿದ್ದರೆ ಕನ್ವರ್ಟರು ಕೆಲಸ ಮಾಡುವುದಿಲ್ಲ, ಮಸಿಯನ್ನು ಉರಿಸಲಾರದೆ ಹಿಡಿದುಕೊಳ್ಳುತ್ತ ಹೋಗುತ್ತದೆ. ಇದನ್ನು ಡಾಕ್ಟರಿಗೆ ವಿವರಿಸಿದೆ.

"ಹಂಗಾರ ಗಾಡಿ ಬಂದ್ ಮಾಡಿ ಎಕ್ಸ್‌ರೇ ಹೆಂಗ ತಗೀಲಿ?"

ಅದಕ್ಕೆ ದಾರಿ ಕಂಡುಕೊಂಡವರು ಪೂಜಾರಿ. ಕ್ಯಾಂಪಿಗೆ ಮುಂಚೆ ತಾವೇ ಆಯಾ ಬಸ್ತಿಗೆ, ಅಂದರೆ ಝೋಪಡಿಗಳ ಕೇರಿಗೆ, ಹೋಗಿ, ಶಾಲೆಯೋ ಗಣೇಶ ಮಂಡಳದ ಆಫೀಸೋ ನೋಡಿ, ಮಾತಾಡಿ, ಅಲ್ಲಿಂದ ಕರೆಂಟಿನ ಲೈನು ಎಳೆಯಲು ಒಪ್ಪಿಸಿ ಬರುತ್ತಿದ್ದರು. ಲೈನು ಸಿಗದ ಕಡೆ ಎಂಜಿನ್ನೇ ಗತಿ. ಅಂಥ ದಿನ ಕ್ಯಾಂಪು ಮುಗಿದ ಮೇಲೆ ವ್ಯಾನನ್ನು ಹೈವೇಗೆ ಒಯ್ದು, ಚೆನ್ನಾಗಿ ಕಾಯುವಂತೆ ಓಡಿಸಿಕೊಂಡು ಮನೆಗೆ ಬರುವುದೆಂದು ನಿಯಮ ಮಾಡಿದೆವು.

ಗಟ್ಟಿಯನ್ನು ಮತ್ತೆ ಡಬ್ಬದೊಳಗೆ ಕೂರಿಸಿ ವ್ಯಾನಿಗೆ ಜೋಡಿಸಿ, ಗಾಡಿ ಕೊಡುವ ದಿನ ಸಾಠೆಯವರನ್ನು ಕರೆಸಿದೆವು. ಬಿಪಿ ಯಂತ್ರವನ್ನು ಅವರ ತೊಡೆಯ ಮೇಲಿಟ್ಟು ಸೇತುವೆ ಹತ್ತಿಸಿದೆವು. ಮೊದಲು ಪಾದರಸ ಎಲ್ಲಿಗೆ ಹೋಗಿತ್ತು ಎಂದು ಡಾಕ್ಟರು ಬೆರಳಿಟ್ಟು ತೋರಿಸಿದರು. ಈಗ ಅದು ಕೆಳಗೇ ಆಡುತ್ತಿತ್ತು. ಹೊರದಾರಿ ಕಟ್ಟಿದಾಗ ಎಂಜಿನ್ನು ತನ್ನ ಹೊಗೆಯನ್ನು ತಾನೇ ದೂಡಲು ಡೀಸೆಲ್ ಸುಡುತ್ತಿತ್ತು ಎಂದು ನಾನು ಹೇಳಿದೆ. ಸಾಠೆ ಸೇತುವೆ ಇಳಿದ ಮೇಲೆ ಪೂಜಾರಿಯ ಕಡೆ ತಿರುಗಿ, "ಮಾಝಂ ಚುಕಲಂ" ಎಂದರು. ನನ್ನದು ತಪ್ಪಾಯಿತು ಎಂದು. ಕಮಿಟಿಯವರ ಮುಂದೆಯೂ ಅದನ್ನೇ ಹೇಳುತ್ತೇನೆ ಎಂದರು. ಹೇಳಿದರಂತೆ ಕೂಡ.

ಪೂಜಾರಿ ರಸ್ತೆಯನ್ನೇ ನೋಡುತ್ತಿದ್ದರು. "ಠೀಕ್ ಹೈ ಸಾಹೇಬ್," ಎಂದರು. "ದರ್ವಾಜಾ ಜೋರ್ ಸೆ ಬಂದ್ ಕರೋ. ಥೋಡಾ ಢೀಲಾ ಹೈ." ಬಾಗಿಲು ಜೋರಾಗಿ ಹಾಕಿ, ಸ್ವಲ್ಪ ಸಡಿಲ ಇದೆ ಎಂದು.

ಹೊಗೆಯ ವಾಸನೆ ಹಿಡಿದ ಆ ಯಂತ್ರವನ್ನು ಡಾಕ್ಟರು ವಾಪಸು ಒಯ್ಯಲಿಲ್ಲ. ತಾವ್ಡೆ ಅದನ್ನು ತಮ್ಮ ಕಪಾಟಿನಲ್ಲಿ ಬೀಗ ಹಾಕಿ ಇಟ್ಟುಕೊಂಡರು. ಎಳೆಯದ ಬಸ್ಸೋ ಟ್ಯಾಂಕರೋ ಬಂದರೆ, "ಬಿಪಿ ದೇಖಾ ಕ್ಯಾ?", ಬಿಪಿ ನೋಡಿದೆಯಾ, ಎನ್ನುವುದು ನಮ್ಮ ವರ್ಕ್‌ಶಾಪಿನ ಮಾತೇ ಆಗಿಹೋಯಿತು. ಕೆಲವು ವರ್ಷಗಳ ನಂತರ ಇಲ್ಲಿನ ಕಾರುಗಳಿಗೂ ಕನ್ವರ್ಟರುಗಳು ಬಂದವು. ಪಿಕಪ್ ಇಲ್ಲವೆಂದು ಅವುಗಳನ್ನು ಒಡೆದು ಬಿಸಾಡಿದವರು ಬೇಕಾದಷ್ಟು ಜನ. ನಮ್ಮಲ್ಲಿ ಹಾಗೆ ಮಾಡಲು ತಾವ್ಡೆ ಬಿಡುತ್ತಿರಲಿಲ್ಲ. ಗಾಡಿಯ ಹಿಂದೆ ಯಾರು ನಿಲ್ಲುತ್ತಾರೆ ಎಂದು ಮೊದಲು ಹೋಗಿ ನೋಡಿಕೊಂಡು ಬಾ ಎನ್ನುತ್ತಿದ್ದರು.

ವ್ಯಾನು ಮಾರುವ ಮಾತು ಅಲ್ಲಿಗೆ ನಿಂತಿತು. ಡಾಕ್ಟರು ಸುಮ್ಮನಿರಲಿಲ್ಲ. ಘಾಟ್ಕೋಪರಿನ ಗುಡ್ಡದ ಮೇಲಿನ ಬಸ್ತಿಗೆ ಇದುವರೆಗೆ ಹೋಗಿಲ್ಲ, ಅಲ್ಲಿಂದ ಇಳಿದು ಬರಲಾರದ ರೋಗಿಗಳಿದ್ದಾರೆ, ಅಲ್ಲಿಗೂ ಹೋಗಬೇಕು ಎಂದರು. ಮೊದಲ ದಿನ ನನ್ನನ್ನೂ ಕರೆದರು. ರಜೆ ಹಾಕಿ ಹೋದೆ.

ಬೆಳಗಿನ ಹೊತ್ತು. ರಸ್ತೆ ಮುಗಿದು ಕಲ್ಲುಚಪ್ಪಡಿಯ ಏರು ಶುರುವಾಯಿತು. ಎರಡೂ ಕಡೆ ಕೈ ಚಾಚಿದರೆ ಸಿಗುವಷ್ಟು ಹತ್ತಿರಕ್ಕೆ ತಗಡಿನ ಮನೆಗಳು, ನೀರಿನ ಕೊಡಗಳ ಸಾಲು, ಒಣಹಾಕಿದ ಬಟ್ಟೆ. ಪೂಜಾರಿ ಹಾರ್ನು ಹೊಡೆಯಲಿಲ್ಲ. ಎರಡನೇ ಗೇರಿನಲ್ಲಿ, ಎಲ್ಲೂ ನಿಲ್ಲಿಸದೆ, ತಿರುವು ತಿರುವಿಗೂ ಅಳೆದು ಅಳೆದು ಹತ್ತಿಸಿದರು. ಎಂಜಿನ್ನಿನ ಸದ್ದು ಒಂದೇ ಸಮ ಇತ್ತು. ನಾನು ಕಿಟಕಿಯ ಸರಳು ಹಿಡಿದು ಅದನ್ನೇ ಕೇಳುತ್ತಿದ್ದೆ. ಮೇಲೆ, ಪಾಲಿಕೆಯ ಶಾಲೆಯ ಮುಂದಿನ ಬಯಲಿನಲ್ಲಿ ಜನ ಆಗಲೇ ಸೇರಿದ್ದರು. ಮುದುಕರು, ಕಂಕುಳಲ್ಲಿ ಮಗು ಎತ್ತಿಕೊಂಡ ಹೆಂಗಸರು, ಗಿರಣಿ ಬಿಟ್ಟು ಕೂತ ಗಂಡಸರು. ವ್ಯಾನು ಮೇಲಕ್ಕೆ ಬಂದದ್ದು ಕಂಡು ಕೆಲವರು ಎದ್ದು ನಿಂತರು. ಯಾವ ದೊಡ್ಡ ಗಾಡಿಯೂ ಅಲ್ಲಿಯವರೆಗೆ ಬಂದಿರಲಿಲ್ಲವಂತೆ.

ಪೂಜಾರಿ ಎಂಜಿನ್ ಬಂದ್ ಮಾಡಿ, ಶಾಲೆಯಿಂದ ಲೈನು ಎಳೆದು ಸಿಕ್ಕಿಸಿದರು. ಡಾಕ್ಟರು ಹಿಂದಿನ ಬಾಗಿಲು ತೆರೆದು ಮೆಟ್ಟಿಲ ಮೇಲೆ ನಿಂತು, ತಮ್ಮ ಧಾರವಾಡದ ಮರಾಠಿಯಲ್ಲಿ ಗಟ್ಟಿಯಾಗಿ ಕೂಗಿದರು:

"ಪೈಲಾ ಕೋಣ?"

ಮೊದಲು ಯಾರು ಎಂದು ಕೇಳಿದ್ದು. ವೈರು ಹಿಡಿದಿದ್ದ ಪೂಜಾರಿ ನನ್ನ ಕಡೆ ತಿರುಗಿ, "ಅವರು ನಮ್ಮನ್ನೇ ಕರೆಯೋದು ಮಾರಾಯ್ರೆ, ಇಷ್ಟು ಏರು ಹತ್ತಿದ ಕೋಣ ಬೇರೆ ಯಾರುಂಟು ಇಲ್ಲಿ?" ಎಂದರು. ಡಾಕ್ಟರಿಗೂ ಕೇಳಿಸಿ ಅವರು ಬಾಗಿಲು ಹಿಡಿದುಕೊಂಡು ನಕ್ಕರು. ಯಾಕೆ ಎಂದು ತಿಳಿಯದಿದ್ದರೂ ಮುಂದೆ ನಿಂತಿದ್ದ ಹೆಂಗಸರೂ ನಕ್ಕರು. ಸಾಲಿನಿಂದ ಒಬ್ಬ ಮುದುಕಿ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಮೀ," ನಾನು, ಎಂದು ಮುಂದೆ ಬಂದಳು. ಮೆಟ್ಟಿಲು ಎತ್ತರವಿತ್ತು. ಪೂಜಾರಿ ವೈರು ಕೆಳಗಿಟ್ಟು ಹೋಗಿ ಕೈ ಕೊಟ್ಟರು. ಅವಳು ಹತ್ತಿ ಒಳಗೆ ಹೋದಳು.